ಕಿವಿಯಲ್ಲಿ ಹೇಳಿದ ಮಾತು

ಮಧ್ಯಾಹ್ನ ಮೂರಕ್ಕೆ ಸರಿಯಾಗಿ ನಮ್ಮ ಮನೆಗೆ ಪೊಲೀಸರು ಬರುತ್ತಾರೆ. ಟಿವಿಯಲ್ಲಿ. ಹಿಂದಿನ ದಿನದ ಧಾರಾವಾಹಿಯನ್ನು ಆ ಹೊತ್ತಿಗೆ ಇನ್ನೊಮ್ಮೆ ಹಾಕುತ್ತಾರೆ, ನಾವು ನೋಡುವುದು ಅದನ್ನು. ನಾನು ಚಾಪೆಯ ಮೇಲೆ ಕುಳಿತು ಸೀರೆಗೆ ಫಾಲ್ ಹಚ್ಚುತ್ತಿರುತ್ತೇನೆ, ಅವರು ಗೋಡೆಗೆ ಆತುಕೊಂಡು ಖುರ್ಚಿಯ ಮೇಲೆ. ನಡುವೆ ಒಂದು ತಾಟಿನಲ್ಲಿ ಸವಣೂರಿನ ಖಾರಾ. ಆ ಒಂದು ತಾಸಿನಲ್ಲಿ ತಾಟು ಖಾಲಿಯಾಗುತ್ತದೆ, ಮಾತು ಮಾತ್ರ ಒಂದೂ ಹುಟ್ಟುವುದಿಲ್ಲ.

ಅವರು ಅಂದರೆ ನನ್ನ ಯಜಮಾನರು. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿದ್ದು ನಿವೃತ್ತರಾಗಿ ಎರಡು ವರ್ಷವಾಯಿತು. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ, ಈ ನಾಲ್ಕು ತಾಲ್ಲೂಕುಗಳಲ್ಲೇ ಅವರ ನೌಕರಿ ಶುರುವಾಗಿ ಮುಗಿದೂ ಹೋಯಿತು. ಮಗಳನ್ನು ಹಾನಗಲ್ಲಿಗೆ ಕೊಟ್ಟೆವು. ಈಗ ಸವಣೂರಿನ ಬಾಡಿಗೆ ಮನೆಯಲ್ಲಿ ನಾವಿಬ್ಬರೇ.

ಕೆಟ್ಟ ಮನುಷ್ಯರಲ್ಲ ಅವರು, ಮೊದಲೇ ಹೇಳಿಬಿಡುತ್ತೇನೆ. ಕಾಯಿಪಲ್ಯ ತರುತ್ತಾರೆ, ನಳ ಬಂದರೆ ಕೊಡ ತುಂಬಿಡುತ್ತಾರೆ, ನನ್ನ ಬಿ.ಪಿ. ಗುಳಿಗೆ ಮುಗಿಯುವ ಮೊದಲೇ ಹೊಸ ಪಾಕೀಟು ತಂದು ಗೂಡಿನಲ್ಲಿಡುತ್ತಾರೆ. ಕುಡಿಯುವುದಿಲ್ಲ, ಕೈ ಎತ್ತಿದವರಲ್ಲ. ಬರೀ ಮಾತಾಡುವುದಿಲ್ಲ. "ಗ್ಯಾಸ್ ತೀರೈತೇನು?" "ಮಳೀ ಬರೂ ಹಂಗೈತಿ." "ಮಗಳು ಫೋನ್ ಮಾಡಿದ್ಲು." ಇಷ್ಟರಲ್ಲಿ ದಿನ ಮುಗಿಯುತ್ತದೆ. ಹದಿನಾಲ್ಕು ವರ್ಷದಿಂದ ಹೀಗೇ. ಜಗಳವಾದರೂ ಆಗಬಾರದೇ ಅನ್ನಿಸುತ್ತದೆ. ಒಬ್ಬಳೇ ಇದ್ದರೆ ಯಾರಾದರೂ ಪಾಪ ಅಂದಾರು. ಗಂಡ ಎದುರಿಗೇ ಕುಳಿತಿರುವ ಮನೆಯಲ್ಲಿ ನಾನು ಒಂಟಿ ಅಂತ ಯಾರ ಮುಂದೆ ಹೇಳಲಿ? ಹೇಳಿದರೆ ನಕ್ಕಾರು.

ಆ ಧಾರಾವಾಹಿ ಬೇರೆ ಭಾಷೆಯದು, ಕನ್ನಡಕ್ಕೆ ಡಬ್ ಮಾಡಿದ್ದಾರೆ. ಮಾತಿಗೂ ತುಟಿಗೂ ಸಂಬಂಧವಿಲ್ಲ. ದೊಡ್ಡ ಊರೊಂದರಲ್ಲಿ ಬಾಂಬು ಇಡಲು ಒಂದು ಗುಂಪು ಹೊಂಚು ಹಾಕಿರುತ್ತದೆ. ಒಬ್ಬ ಪತ್ತೇದಾರ ಅವರ ಬೆನ್ನು ಹತ್ತಿರುತ್ತಾನೆ. ಪ್ರತಿ ಸಲ ಅವನು ಬಾಗಿಲು ಒದ್ದು ಒಳಗೆ ಹೋದರೆ ಖೋಲಿ ಖಾಲಿ, ಕಪ್ಪಿನಲ್ಲಿ ಚಹಾ ಇನ್ನೂ ಬಿಸಿ. ಇಲಾಖೆಯೊಳಗಿಂದಲೇ ಯಾರೋ ಸುದ್ದಿ ಕೊಡುತ್ತಿದ್ದಾರೆ. ಯಾರು? ಎಲ್ಲರ ಕಣ್ಣೂ ಅವನ ಮೇಲೆಯೇ. ಪಿಸ್ತೂಲು ಕಸಿದುಕೊಂಡರು, ಗುರುತಿನ ಚೀಟಿ ಕಸಿದುಕೊಂಡರು, ಕಡೆಗೆ ಅವನನ್ನೇ ಕೂಡಿ ಹಾಕಿದರು.

ನೋಡಲು ಪಕ್ಕದ ಮನೆಯ ಭಾಬಿಯನ್ನೂ ಕರೆದಿದ್ದೆ. ಒಂದೇ ದಿನ ಬಂದಳು. "ನಾ ಒಲ್ಲೆವ್ವಾ. ಶುರೂಕ ಒಬ್ಬ ಗಡ್ಡದಾಂವ ಬಂದಾ ಅಂದ್ರ ಯಾರನ್ನ ಹಿಡೀತಾರಂತ ನನಗ ಗೊತ್ತಾಗಿಬಿಡತೈತಿ. ಮತ್ತೇನ್ ಮಜಾ?" ಎಂದು ಫಾಲ್ ಹಚ್ಚಬೇಕಾದ ಸೀರೆಯನ್ನು ಕೊಟ್ಟು ಹೋದಳು. ಮತ್ತೆ ನಾನು, ಅವರು, ಟಿವಿ.

ನನಗೆ ಸುಮ್ಮನೆ ನೋಡಿ ಗೊತ್ತಿಲ್ಲ. ಟಿವಿಯ ಜೊತೆಗೇ ಜಗಳ ತೆಗೆಯುವವಳು ನಾನು. "ಅಂವ ಅಲ್ಲೋ ಮಾರಾಯಾ! ನಿನ್ನ ಸಾಹೇಬನ್ನ ಹಿಡಿ, ಸಾಹೇಬನ್ನ! ಮೀಸಿ ನೋಡಿದ್ರ ಗೊತ್ತಾಗೂದಿಲ್ಲೇನು?" ಎಂದು ಒದರುತ್ತೇನೆ. ಒಂದು ದಿನ ಆ ಪತ್ತೇದಾರನನ್ನು ಮೇಜಿನ ಮುಂದೆ ಕೂರಿಸಿ, ದೀಪವನ್ನು ಮುಖಕ್ಕೆ ಹಿಡಿದು ಕೇಳುತ್ತಿದ್ದರು. ನಾನು ಇವರ ಕಡೆ ತಿರುಗಿ ಅಂದೆ: "ನೋಡ್ರಿ, ಇಂಥಾವ ಮಾಡತಾನೇನು? ಮಾರಿ ನೋಡಿದ್ರ ತಿಳೀತೈತಿ, ಅಂವ ಮಾಡಿಲ್ಲ."

ಅವರು ಟಿವಿಯಿಂದ ಕಣ್ಣು ತೆಗೆಯದೆ ಕೇಳಿದರು: "ಮಾರಿ ನೋಡಿದ್ರ ತಿಳೀತೈತೇನು?"

ಅಷ್ಟೇ. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ನನ್ನ ಸೂಜಿ ಬೆರಳಿಗೆ ಚುಚ್ಚಿತ್ತು. ಭಾಬಿಯ ಗುಲಾಬಿ ಸೀರೆಯ ಅಂಚಿಗೆ ಒಂದು ಹನಿ ರಕ್ತ ಹತ್ತಿತು. ಎಷ್ಟು ತೊಳೆದರೂ ಸಣ್ಣ ಕಲೆ ಉಳಿಯಿತು.

ಅವರು ಹಾಗೆ ಯಾಕೆ ಕೇಳಿದರು ಅಂತ ಹೇಳಬೇಕಾದರೆ ಹದಿನಾಲ್ಕು ವರ್ಷ ಹಿಂದೆ ಹೋಗಬೇಕು. ಊರು ಯಾವುದು ಅಂತ ಕೇಳಬೇಡಿ, ಆ ನಾಲ್ಕು ತಾಲ್ಲೂಕಿನೊಳಗಿನದೇ ಒಂದು. ಮಗಳು ಎಂಟನೇ ಇಯತ್ತೆಯಲ್ಲಿದ್ದಳು. ಇವರಿಗೆ ಆಗ ಗುಪ್ತವಾರ್ತೆಯ ಕೆಲಸ. ಖಾಕಿ ಇಲ್ಲ, ಲಾಠಿ ಇಲ್ಲ. ಸಾದಾ ಅಂಗಿ-ಪ್ಯಾಂಟು ಹಾಕಿಕೊಂಡು ಊರಲ್ಲಿ ಅಡ್ಡಾಡುವುದು, ಚಹಾದಂಗಡಿಯಲ್ಲಿ ಕೂರುವುದು, ಕಿವಿ ತೆರೆದಿಡುವುದು, ಕಂಡದ್ದನ್ನು ಠಾಣೆಗೆ ಮುಟ್ಟಿಸುವುದು. ಠಾಣೆಗೆ ಮುಟ್ಟಿಸಿದ ಮೇಲೆ ಸಂಜೆ ನನಗೂ ಮುಟ್ಟಿಸುತ್ತಿದ್ದರು. ಅಡುಗೆಮನೆಯ ಹೊಸ್ತಿಲ ಹತ್ತಿರ ಮಣೆ ಹಾಕಿಕೊಂಡು ಕೂತರೆಂದರೆ ಮುಗಿಯಿತು. ಯಾರ ಮನೆಯಲ್ಲಿ ಪಾಲಿನ ಜಗಳ, ಯಾರ ಮಗ ಯಾರ ಮಗಳಿಗೆ ಚೀಟಿ ಬರೆದ, ಯಾವ ಮುಖಂಡ ಯಾವ ಗೋಡೆ ಹಾರಿದ. ಜನರ ನಡಿಗೆ, ಕೆಮ್ಮು ಎಲ್ಲ ಮಾಡಿ ತೋರಿಸುತ್ತಿದ್ದರು. ನಾನು ರೊಟ್ಟಿ ಬಡಿಯುವುದು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೋಗುತ್ತಿತ್ತು. "ಯಾರ ಮುಂದೂ ಅನಬ್ಯಾಡ ಮತ್ತ," ಅಂತ ಕಡೆಗೊಂದು ಮಾತು. "ನನ್ನ ಬಾಯಾಗಿಂದ ಬರತೈತೇನ್ರಿ!" ಅಂತ ನಾನು. ನನ್ನ ಬದುಕಿನಲ್ಲಿ ಅಷ್ಟು ಚಲೋ ಹೊತ್ತು ಮತ್ತೆ ಬರಲಿಲ್ಲ.

ಆ ವರ್ಷ ದಸರೆಯ ಮುಂದೆ ಎಲ್ಲೋ ದೂರದ ದೊಡ್ಡ ಊರಿನಲ್ಲಿ ಬಾಂಬು ಸಿಡಿಯಿತು. ಎಲ್ಲ ಠಾಣೆಗಳಿಗೂ ತಾಕೀತು ಬಂತು. ಲಾಡ್ಜು ನೋಡಿರಿ, ಬಾಡಿಗೆ ಖೋಲಿ ನೋಡಿರಿ, ಗೊತ್ತಿಲ್ಲದವರು ಯಾರಿದ್ದಾರೆ ನೋಡಿರಿ. ನಮ್ಮೂರ ಹಿಟ್ಟಿನ ಗಿರಣಿಯ ಮೇಲಿನ ಖೋಲಿಯಲ್ಲಿ ಒಬ್ಬ ಪರಸ್ಥಳದವನಿದ್ದ. ಕೂದಲೆಣ್ಣೆ ಮಾರುತ್ತೇನೆ ಅನ್ನುತ್ತಿದ್ದ. ಮಾರಿದ್ದನ್ನು ಕಂಡವರಿಲ್ಲ. ಕಿಟಕಿಗೆ ಒಳಗಿನಿಂದ ಪೇಪರು ಅಂಟಿಸಿದ್ದ. ಫೋನು ಬಂದರೆ ಮಾಳಿಗೆಯ ತುದಿಗೆ ಹೋಗಿ ಪಿಸುಗುಡುತ್ತಿದ್ದ. ಅವನ ಮೇಲೆ ಕಣ್ಣಿಡುವ ಕೆಲಸ ಇವರಿಗೆ ಬಂತು. ಗಿರಣಿಯ ಎದುರಿನ ಚಹಾದಂಗಡಿಯಲ್ಲಿ ಹನ್ನೊಂದು ದಿನ ಕೂತರು. ವರದಿ ಮೇಲೆ ಹೋಯಿತು. ಹೊರಗಿನಿಂದ ದೊಡ್ಡ ಸಾಹೇಬರ ತಂಡ ಬರುವುದು, ಬನ್ನಿ ಹಬ್ಬದ ಮರುದಿನ ಬೆಳಿಗ್ಗೆ ಅವನನ್ನು ಎತ್ತುವುದು ಅಂತ ಗೊತ್ತಾಯಿತು. ಅದನ್ನೂ ಅವರು ಹೊಸ್ತಿಲಲ್ಲಿ ಕೂತು ನನಗೆ ಹೇಳಿದರು.

ಬನ್ನಿ ಹಬ್ಬದ ಸಂಜೆ ನಮ್ಮ ಕಡೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಬನ್ನಿ ಗಿಡಕ್ಕೆ ಪೂಜೆ ಮಾಡಿ, ಎಲೆ ಹಿಡಿದುಕೊಂಡು ಬಂದರೆ ಎದುರಿಗೆ ಬಂದವರಿಗೆಲ್ಲ ಕೊಡಬೇಕು. ಸಣ್ಣವರು ಕಾಲಿಗೆ ಬೀಳುತ್ತಾರೆ, ಸರೀಕರು ತೆಕ್ಕೆ ಹಾಯ್ದು ಅಪ್ಪಿಕೊಳ್ಳುತ್ತಾರೆ. "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅನ್ನುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಆವತ್ತು ಕೊಟ್ಟರೆ ಒಲ್ಲೆ ಅನ್ನುವಂತಿಲ್ಲ. ಇವರು ಚಹಾದಂಗಡಿಯಲ್ಲಿ ಕೂತಿದ್ದಾಗ ಆ ಎಣ್ಣೆ ಮಾರುವವನು ಮೆಟ್ಟಿಲಿಳಿದು ಬಂದನಂತೆ, ಕೈತುಂಬ ಬನ್ನಿ ಎಲೆ ಹಿಡಿದು. ಊರವರನ್ನು ನೋಡಿ ಕಲಿತಿದ್ದ. ಅಂಗಡಿಯಲ್ಲಿದ್ದವರಿಗೆಲ್ಲ ಕೊಟ್ಟ. ಇವರಿಗೂ ಕೊಟ್ಟು ಕಾಲಿಗೆ ಬಗ್ಗಿದ. ಇವರ ಕೈ ತಲೆಗಿಂತ ಮುಂದೆ ಓಡಿತು. ಅವನನ್ನು ಎತ್ತಿ ತೆಕ್ಕೆ ಹಾಯ್ದರು. ತೆಕ್ಕೆ ಹಾಯ್ದಾಗ ಒಬ್ಬರ ಬಾಯಿ ಇನ್ನೊಬ್ಬರ ಕಿವಿಯ ಹತ್ತಿರವೇ ಇರುತ್ತದಲ್ಲ, ಅಲ್ಲಿ ಹೇಳಬೇಕಾದ ಮಾತು ಹೇಳಿದರು.

ಮರುದಿನ ಬೆಳಿಗ್ಗೆ ತಂಡ ಬಂತು. ಖೋಲಿ ಖಾಲಿ. ಕಿಟಕಿಯ ಪೇಪರು ಹಾಗೇ ಇತ್ತು, ಮನುಷ್ಯ ಇರಲಿಲ್ಲ.

ದೊಡ್ಡ ಸಾಹೇಬರು ನಮ್ಮ ಕಡೆಯವರಲ್ಲ. ಬನ್ನಿ ಅಂದರೆ ಏನು ಅಂತ ಅವರಿಗೆ ಗೊತ್ತಿರಲಿಲ್ಲ. ಚಹಾದಂಗಡಿಯವನನ್ನು ಕೇಳಿದಾಗ ಅವನು ಕಂಡದ್ದನ್ನು ಹೇಳಿದ: ನಿನ್ನೆ ಸಂಜೆ ನಿಮ್ಮ ಪೊಲೀಸರು ಅವನನ್ನು ಅಪ್ಪಿಕೊಂಡು ಕಿವಿಯಲ್ಲಿ ಏನೋ ಅಂದರು. ಮುಗಿಯಿತಲ್ಲ! ಗೊತ್ತಿದ್ದ ಠಾಣೆಯವರಾದರೂ, ಸಾಹೇಬರೇ, ಇದು ನಮ್ಮ ಪದ್ಧತಿ, ಎಲ್ಲರೂ ಮಾಡುತ್ತಾರೆ ಅನ್ನಬೇಕಿತ್ತೋ ಇಲ್ಲವೋ? ಅವರೂ ಆವತ್ತು ನೂರು ಜನರನ್ನು ತೆಕ್ಕೆ ಹಾಯ್ದವರೇ. ಒಬ್ಬರೂ ಬಾಯಿ ಬಿಡಲಿಲ್ಲ. ಇವರನ್ನು ಕರೆದುಕೊಂಡು ಹೋಗಿ ಮೂರು ದಿನ ಕೇಳಿದರು, ಬರೆಸಿಕೊಂಡರು, ಸಸ್ಪೆಂಡ್ ಮಾಡಿದರು. ಓಣಿಯಲ್ಲಿ ನನ್ನನ್ನು ಕಂಡು ಬಾಗಿಲು ಹಾಕಿಕೊಂಡವರೂ ಇದ್ದರು. ಮಗಳು ಸಾಲಿಯಿಂದ ಅಳುತ್ತ ಬಂದಳು.

ನಾಲ್ಕನೆಯ ದಿನ ಅವರು ಮನೆಗೆ ಬಂದು ಕಾಲು ತೊಳೆದುಕೊಂಡು ಹೊಸ್ತಿಲ ಹತ್ತಿರ ಮಣೆ ಹಾಕಿಕೊಂಡು ಕೂತರು. ನಾನು ತಾಟು ಇಟ್ಟೆ. ರೊಟ್ಟಿ ಮುರಿಯುತ್ತಿದ್ದವರನ್ನು ಕೇಳಿದೆ: "ಖರೇ ಹೇಳ್ರಿ. ಅಂವನ ಕಿವ್ಯಾಗ ಏನ್ ಹೇಳಿದ್ರಿ?"

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಂದರು: "ಬಂಗಾರದಂಗ ಇರೋಣು ಅಂದೆ."

ಆವತ್ತೇ ಕಡೆ. ಆಮೇಲೆ ಅವರು ಆ ಮಣೆಯ ಮೇಲೆ ಕೂರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಆ ಎಣ್ಣೆಯವನು ಸಿಕ್ಕ. ಬಾಂಬೂ ಇಲ್ಲ, ಏನೂ ಇಲ್ಲ. ಹೆಂಡತಿಯನ್ನು ಬಿಟ್ಟು ಬಂದವನು, ಅವಳ ಅಣ್ಣತಮ್ಮಂದಿರಿಗೆ ಹೆದರಿ ಊರೂರು ಅಡಗುತ್ತಿದ್ದನಂತೆ. ಇವರನ್ನು ಮತ್ತೆ ಕೆಲಸಕ್ಕೆ ತಗೊಂಡರು. ತಪ್ಪಾಯಿತು ಅಂತ ಯಾರೂ ಅನ್ನಲಿಲ್ಲ. ಹಿರೇಕೆರೂರ ತಾಲ್ಲೂಕಿಗೆ ಎತ್ತಿ ಒಗೆದರು. ಮಗಳ ಸಾಲಿಗಾಗಿ ನಾನು ಅಲ್ಲೇ ಉಳಿದೆ, ಅವರು ಮಾಸೂರಿನಲ್ಲಿ ಖೋಲಿ ಹಿಡಿದರು. ಐತವಾರ ಬರುತ್ತಿದ್ದರು. ಅಲ್ಲಿಯ ಮದಗದ ಕೆರೆ ತುಂಬೈತೇನ್ರಿ ಅಂದರೆ "ಹೂಂ" ಅನ್ನುತ್ತಿದ್ದರು. ಊರ ಸುದ್ದಿ ಏನಂದರೆ "ಏನಿಲ್ಲ" ಅನ್ನುತ್ತಿದ್ದರು. ಇಡೀ ಒಂದು ತಾಲ್ಲೂಕಿನಲ್ಲಿ ಏನೂ ಆಗುವುದಿಲ್ಲವೇ?

ಇಲ್ಲಿಯ ತನಕ ಕೇಳಿದವರು ಪಾಪ, ಗಂಡನನ್ನು ನಂಬದೆ ಒಂದು ಮಾತು ಕೇಳಿ ಕೆಟ್ಟಳು ಅಂದುಕೊಳ್ಳುತ್ತೀರಿ. ಅಷ್ಟೇ ಆಗಿದ್ದರೆ ಎಂದೋ ಕಾಲು ಹಿಡಿದು ತಪ್ಪಾಯಿತು ಅನ್ನುತ್ತಿದ್ದೆ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ನಾನೇ.

ಖಂಡೇಪೂಜೆಯ ದಿನ, ಅಂದರೆ ಬನ್ನಿಯ ಹಿಂದಿನ ದಿನದ ಆಯುಧಪೂಜೆಗೆ, ಗಿರಣಿ ಬಂದ್ ಇರುತ್ತದೆ. ಅದಕ್ಕೇ ಆ ವರ್ಷ ಅದರ ಹಿಂದಿನ ದಿನ ಗೋದಿಯ ಡಬ್ಬಿ ಹೊತ್ತುಕೊಂಡು ಬೀಸಿಸಲು ಹೋಗಿದ್ದೆ. ಡಬ್ಬಿಗಳ ಪಾಳಿ ಬಾಗಿಲ ತನಕ ಇತ್ತು. ಗಿರಣಿಯ ಒಡತಿಯನ್ನು ನಾವೆಲ್ಲ ಗಿರಣಿ ಅಕ್ಕ ಅನ್ನುತ್ತಿದ್ದೆವು. ಅವಳ ಮಗಳು ಮಾಳಿಗೆಯ ಮೇಲೆ ಹಪ್ಪಳ ಹರವಲು ಹೊರಟಿದ್ದಳು. ನಾನು ಅಕ್ಕನನ್ನು ಬದಿಗೆ ಕರೆದು ಅಂದೆ: "ಹುಡುಗೀನ ಮ್ಯಾಲ ಕಳಸಬ್ಯಾಡಕ್ಕಾ. ಆ ಖೋಲಿಯಾಂವ ಚಲೋ ಮನಿಶ್ಯಾ ಅಲ್ಲಂತ. ಹಬ್ಬದ ಮರುದಿನ ಹಿಡ್ಯಾಕ ಬರ್ತಾರ." ಹುಡುಗಿಯ ಕಾಳಜಿ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಕಾಳಜಿ ಅರ್ಧ, ಬಡಿವಾರ ಅರ್ಧ. ಊರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು ಅನ್ನುವ ಬಡಿವಾರ. ಅಕ್ಕ ತನ್ನ ಮನೆಯ ಮೆಟ್ಟಿಲನ್ನು ಪೊಲೀಸರು ಹತ್ತಬಾರದೆಂದು, ಹಬ್ಬ ಮುಗಿಯುವುದರೊಳಗೆ ಖೋಲಿ ಬಿಡು, ಪೊಲೀಸರು ಬರುತ್ತಾರೆ ಅಂತ ಅವನಿಗೆ ಹೇಳಿಬಿಟ್ಟಿದ್ದಳು. ಆ ಬನ್ನಿ ಅವನು ಹೋಗುವ ಮುಂದೆ ಊರಿಗೆ ಕೊಟ್ಟ ಬನ್ನಿ. ಇವರನ್ನು ಒಯ್ದ ಮರುದಿನವೇ ಅಕ್ಕ ಹಿತ್ತಲ ಬಾಗಿಲಿಗೆ ಬಂದು, ನನ್ನ ಹೆಸರು ತೆಗೆಯಬೇಡ ತಂಗಿ ಅಂತ ಕೈ ಮುಗಿದಳು. ಹಾಗೆ ಎಲ್ಲ ಗೊತ್ತಿದ್ದೂ ನಾನು ಅವರನ್ನು ಕೇಳಿದೆ, ಕಿವಿಯಲ್ಲಿ ಏನು ಹೇಳಿದಿರಿ ಅಂತ. ಯಾಕೆ ಕೇಳಿದೆ? ಅವರೂ ಏನೋ ಹೇಳಿರಲಿ ದೇವರೇ, ಅಂತ ಆಸೆ. ಅವರು ಒಂದು ಮಾತು ಹೇಳಿದ್ದರೆ ನನ್ನದು ಮುಚ್ಚಿ ಹೋಗುತ್ತಿತ್ತು. ಇಂಥ ಹೆಂಗಸು ನಾನು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಇಟ್ಟುಕೊಂಡ ಮಾತು ಎಲ್ಲಿಗೂ ಹೋಗುವುದಿಲ್ಲ, ಮನೆಯಲ್ಲೇ ಕೂತಿರುತ್ತದೆ. ಹದಿನಾಲ್ಕು ವರ್ಷದಲ್ಲಿ ಎಷ್ಟೋ ಸಲ ಬಾಯಿಯ ತನಕ ಬಂತು. ಹೇಳಿದರೆ ಇರುವ "ಗ್ಯಾಸ್ ತೀರೈತೇನು" ಕೂಡ ನಿಂತು ಹೋದರೆ ಅನ್ನುವ ಅಂಜಿಕೆ.

ಈ ವರ್ಷ ಆ ಧಾರಾವಾಹಿ ದಸರೆಯ ಎರಡು ದಿನ ಮೊದಲು ಮುಗಿಯಿತು. ಕಡೆಯ ಕಂತಿಗಿಂತ ಹಿಂದಿನದರಲ್ಲಿ ಪತ್ತೇದಾರನ ಹೆಂಡತಿ ಅವನನ್ನು ನೋಡಲು ಸೆರೆಮನೆಗೆ ಬರುತ್ತಾಳೆ. ಏನೂ ಕೇಳುವುದಿಲ್ಲ. ಸರಳಿನ ಆಚೆಯಿಂದ ಅವನ ಬೆರಳು ಹಿಡಿದು "ಊಟ ಮಾಡಿದ್ರಾ?" ಅನ್ನುತ್ತಾಳೆ, ಅಷ್ಟೇ. ನನಗೆ ಅಲ್ಲಿ ಕೂರಲು ಆಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಕಡೆಗೆ ನಾನು ಹೇಳಿದ ಹಾಗೆ ಆ ಮೀಸೆಯ ಸಾಹೇಬನೇ ಸಿಕ್ಕಿಬಿದ್ದ. ಪತ್ತೇದಾರ ಠಾಣೆಗೆ ಮರಳಿ ಬಂದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇವರು ತಾಟಿನಲ್ಲಿ ಉಳಿದ ಖಾರಾ ಬಳಿದು ಬಾಯಿಗೆ ಹಾಕಿಕೊಂಡು, "ಹಂಗ ಯಾರೂ ಚಪ್ಪಾಳಿ ಹೊಡ್ಯೂದಿಲ್ಲ," ಅಂದರು. ಟಿವಿ ಬಂದ್ ಮಾಡಿದರು.

ಆ ಘಟನೆಯಾದಾಗಿನಿಂದ ಅವರು ಯಾರಿಂದಲೂ ಬನ್ನಿ ತಗೊಂಡಿಲ್ಲ. ನೌಕರಿಯಲ್ಲಿದ್ದಾಗ ಆ ದಿನ ಬೇಡಿ ಬಂದೋಬಸ್ತಿನ ಡ್ಯೂಟಿ ಹಾಕಿಸಿಕೊಂಡು ಎಲ್ಲಿಯೋ ಹೋಗುತ್ತಿದ್ದರು. ನಿವೃತ್ತರಾದ ಮೇಲೆ ಊಟ ಮಾಡಿ ಯಲವಿಗಿಯ ಬಸ್ಸು ಹತ್ತುತ್ತಾರೆ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಹೋಗಿ ಬರುವ ರೈಲು ನೋಡಿ, ಬನ್ನಿ ಕೊಡುವವರೆಲ್ಲ ಮನೆ ಸೇರಿದ ಮೇಲೆ ಬರುತ್ತಾರೆ. ಈ ಸಲವೂ ಹೋದರು. ನಾನು ಪೂಜೆಗೆ ತಂದಿದ್ದ ಬನ್ನಿ ಎಲೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮುಂದಿನ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಇಳಿದುಬಿಡಲೇ ಅನ್ನಿಸಿತು.

ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಎಷ್ಟು ಸಣ್ಣವರಾಗಿ ಕಂಡರು! ನನ್ನನ್ನು ನೋಡಿ ಗಾಬರಿಯಾದರು. "ಯಾಕ? ಮಗಳಿಗೇನಾತು?"

"ಏನೂ ಆಗಿಲ್ರಿ," ಎಂದು ಪಕ್ಕದಲ್ಲಿ ಕೂತೆ. ಉಸಿರು ತಗೊಂಡು ಒಮ್ಮೆಲೇ ಹೇಳಿಬಿಟ್ಟೆ. "ಗಿರಣಿ ಅಕ್ಕಗ ನಾನ ಹೇಳಿದ್ದೇರಿ. ಹಬ್ಬದ ಮರುದಿನ ಬರ್ತಾರಂತ. ಆಕಿ ಅಂವಗ ಹೇಳಿದ್ಲು. ನಾನ ಮಾಡಿದ್ದು."

ಅಷ್ಟರಲ್ಲಿ ಒಂದು ಮಾಲಗಾಡಿ ಬಂತು. ಅದರ ಸಪ್ಪಳದಲ್ಲಿ ಮಾತಾಡುವ ಹಾಗಿರಲಿಲ್ಲ. ಡಬ್ಬಿ ಹಿಂದೆ ಡಬ್ಬಿ ಹೋಗುತ್ತಲೇ ಇತ್ತು. ನಾನು ಅವರ ಮುಖ ನೋಡಲಿಲ್ಲ. ಕಡೆಯ ಡಬ್ಬಿ ದಾಟಿದ ಮೇಲೆ ಅವರು ಅಂದರು: "ಗೊತ್ತೈತಿ."

"ಯಾವಾಗಿಂದ?"

"ಆವತ್ತಿಂದನ. ಪೊಲೀಸ ಅಲ್ಲೇನು ನಾ? ಹಿಡ್ಯೂ ದಿನ ಯಾವುದಂತ ಗೊತ್ತಿದ್ದದ್ದು ಠಾಣೇದಾಗ ಇಬ್ಬರಿಗೆ, ಮನಿಯಾಗ ನಿನಗ. ನೀ ಬೀಸಾಕ ಹೋಗಿದ್ದು ಆ ಗಿರಣಿಗೇ."

"ಮತ್ತ ಸಾಹೇಬರ ಮುಂದ ಯಾಕ ಹೇಳಲಿಲ್ರಿ?"

"ಏನಂತ ಹೇಳಲಿ? ನಿನ್ನ ಕರಕೊಂಡ ಹೋಗಿ ಕುಂದರಸತಿದ್ರು. ಮತ್ತ ನಿನಗ ಹೇಳಿದಾಂವ ಯಾರು? ನಾನ. ಅವರು ಸಂಶೇ ಪಟ್ಟದ್ದು ಪೂರಾ ಸುಳ್ಳೇನಲ್ಲ."

"ಅದಕ್ಕ ನನ್ನ ಕೂಡ ಮಾತ ಬಿಟ್ರೇನು? ಮತ್ತ ಎಲ್ಲಾರಿಗೂ ಹೇಳತಾಳಂತ?"

"ಅದಕ್ಕಲ್ಲ. ಹೇಳಿದ್ದಕ್ಕ ನನಗ ಸಿಟ್ಟಿಲ್ಲ. ಬಾಯಿ ತಪ್ಪತೈತಿ, ಎಲ್ಲಾರದೂ. ಮೂರು ದಿನ ಅವರು ಅದನ್ನ ಕೇಳಿದ್ರು, ಅಂವನ ಕಿವ್ಯಾಗ ಏನ್ ಹೇಳಿದಿ ಅಂತ. ಮನಿಗೆ ಬಂದೆ. ನೀನರ ಹೇಳ್ತಿ, ಹಿಂಗಾತ್ರಿ, ನನ್ನಿಂದ ಆತು ಅಂತ ಹೇಳ್ತಿ ಅಂದಕೊಂಡಿದ್ದೆ. ನೀನೂ ಅದನ್ನ ಕೇಳಿದಿ."

ನಾನು ಸೆರಗಿನ ಗಂಟು ಬಿಚ್ಚಿದೆ. ಎಲೆಗಳು ಬೆವರಿಗೆ ಬಾಡಿ ಹೋಗಿದ್ದವು. ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದೆ. ಅವರು ಬಹಳ ಹೊತ್ತು ತಗೊಳ್ಳಲಿಲ್ಲ. ಆಮೇಲೆ ತಗೊಂಡು ಅಂಗಿಯ ಕಿಸೆಗೆ ಹಾಕಿಕೊಂಡರು. ನಾನು ಬಗ್ಗಿ ಕಾಲು ಮುಟ್ಟಿ, "ಬಂಗಾರದಂಗ..." ಅನ್ನುವಷ್ಟರಲ್ಲಿ, "ಬ್ಯಾಡ, ಆ ಮಾತೊಂದು ಬ್ಯಾಡ," ಅಂದರು. "ನಡಿ, ಬಸ್ಸಿನ ಹೊತ್ತಾತು."

ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತರು. ಹೊಲಗಳಲ್ಲಿ ಗೋವಿನಜೋಳ ಒಣಗಿ ನಿಂತಿತ್ತು. ಅರ್ಧ ದಾರಿ ಬರುವ ತನಕ ಇಬ್ಬರೂ ಸುಮ್ಮನಿದ್ದೆವು. ಸರಿ, ಇಷ್ಟೇ ನನ್ನ ಪಾಲಿಗೆ ಅಂದುಕೊಂಡೆ. ಆಗ ಅವರು ಕಿಟಕಿಯ ಕಡೆಯೇ ನೋಡುತ್ತ ಸಣ್ಣ ದನಿಯಲ್ಲಿ, ಆ ಸ್ಟೇಷನ್ನಿನಲ್ಲಿ ಹೋದಾಗಲೆಲ್ಲ ಕಾಣುವ ಒಬ್ಬರ ಮನೆಯ ಸುದ್ದಿಯೊಂದನ್ನು ಹೇಳಿದರು. ನಾಲ್ಕೇ ಮಾತು. ಕೆಮ್ಮು, ನಡಿಗೆ ಏನೂ ಮಾಡಿ ತೋರಿಸಲಿಲ್ಲ. ಯಾರ ಮುಂದೂ ಅನಬೇಡ ಅಂತಲೂ ಅನ್ನಲಿಲ್ಲ.

ಏನು ಹೇಳಿದರು ಅಂತ ಮಗಳು ಫೋನಿನಲ್ಲಿ ಕೇಳಿದಳು, ಭಾಬಿಯೂ ಕೇಳಿದಳು. ನಿಮಗೂ ಹೇಳುವುದಿಲ್ಲ.